ಮಾರ್ಪಡಿಸಿದ ಹಳೆಯ ಟ್ರಕ್ ಎಂಜಿನ್‌ಗೆ ಯಾವ ಸ್ಪಾರ್ಕ್ ಪ್ಲಗ್ ಸರಿ?

ಮೊದಲು ನೋಡಬೇಕಾದ್ದು ಸಿಲಿಂಡರ್ ಹೆಡ್. ಹೆಡ್ ಬದಲಾಯಿಸಿದ್ದರೆ ಟ್ರಕ್ಕಿನ ಹಳೆಯ ಕೈಪಿಡಿ ಮರೆತುಬಿಡಿ. ಥ್ರೆಡ್ ಅಳತೆ, ಉದ್ದ, ಸೀಟ್ (ಪ್ಲಗ್ ಹೆಡ್ ಮೇಲೆ ಕೂರುವ ಭಾಗ) ಎಲ್ಲವೂ ಹೊಸ ಹೆಡ್‌ಗೆ ಹೊಂದಬೇಕು. ಪ್ಲಗ್ ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೇ ತಾಗಬಹುದು.

ಆಮೇಲೆ ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂಬ ಅಳತೆ. ನಿಜವಾದ ಆಯ್ಕೆ ಇರುವುದು ಇಲ್ಲೇ. ಕಂಪ್ರೆಷನ್ ಏರಿಸಿದ್ದರೆ ಅಥವಾ ಟರ್ಬೊ ಹಾಕಿದ್ದರೆ ಒಳಗೆ ಬಿಸಿ ಹೆಚ್ಚು. ಆಗ ಒಂದು ಹಂತ ತಂಪಾದ, ಅಂದರೆ ಬಿಸಿ ಬೇಗ ಬಿಡುವ ಪ್ಲಗ್ ಬೇಕು. ಸುಮಾರು 75ರಿಂದ 100 ಅಶ್ವಶಕ್ತಿ ಹೆಚ್ಚಿದರೆ ಒಂದು ಹಂತ ಎಂಬುದು ರೂಢಿಯ ಲೆಕ್ಕ. ಬರೀ ಏರ್ ಫಿಲ್ಟರ್, ಎಗ್ಸಾಸ್ಟ್ ಬದಲಿಸಿದ್ದರೆ ಸುಮ್ನೆ ತಂಪು ಪ್ಲಗ್ ಹಾಕಬೇಡಿ, ಮಸಿ ಕಟ್ಟುತ್ತದೆ. ಇನ್ನೊಂದು ಎಚ್ಚರ: ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಹೀಟ್ ರೇಂಜ್ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಂಪು. ಬಾಷ್, ಚಾಂಪಿಯನ್‌ನಲ್ಲಿ ತಿರುಗುಮುರುಗು!

ಟರ್ಬೊ ಇದ್ದರೆ ಗ್ಯಾಪ್ (ಕಿಡಿ ಹಾರುವ ಸಂದು) 0.7 ಮಿ.ಮೀ. ಆಸುಪಾಸಿನಿಂದ ಶುರುಮಾಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ವಿದ್ಯುತ್ ಅಡಚಣೆ ತಗ್ಗಿಸುವ ರೆಸಿಸ್ಟರ್ ಪ್ಲಗ್ ತಗೊಳ್ಳಿ. ಅಗ್ಗದ ತಾಮ್ರದ ಪ್ಲಗ್ ಸಾಕು. ಟ್ಯೂನಿಂಗ್ ಮುಗಿಯುವವರೆಗೆ ಪದೇ ಪದೇ ಬದಲಿಸುತ್ತೀರಿ ಅಲ್ವಾ?

ಚೆನ್ನಾಗಿ ಓಡಿಸಿದ ಮೇಲೆ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಎಂಜಿನ್ ಮತ್ತೆ ಜೋರಾಗಿ ಓಡಿಸಲೇಬೇಡಿ. ಮೊದಲು ಇಂಧನ ಮಿಶ್ರಣ, ಟೈಮಿಂಗ್ ಪರೀಕ್ಷಿಸಿ.