ಮೈಟ್ರಲ್ ವಾಲ್ವ್ ರಿಪೇರಿ ಆಗಲ್ಲ ಅಂದಿದ್ದಾರೆ. ಮೆಕ್ಯಾನಿಕಲ್ ಹಾಕಿಸಲಾ, ಟಿಶ್ಯೂ ಹಾಕಿಸಲಾ?

ವಯಸ್ಸು 54, ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ (ಕವಾಟ) ರಿಪೇರಿಗೆ ಒಗ್ಗದಷ್ಟು ಗಟ್ಟಿಯಾಗಿದೆ, ಯಾವುದು ಬೇಕೆಂದು ಸರ್ಜನ್ ನಿಮ್ಮನ್ನೇ ಕೇಳಿದ್ದಾರೆ ಎಂದು ಬರೆದಿದ್ದೀರಿ. ನನಗೂ ಮೈಟ್ರಲ್ ವಾಲ್ವನ್ನೇ ಬದಲಾಯಿಸಿದ್ದು. ನಾನು ಮೆಕ್ಯಾನಿಕಲ್ ಹಾಕಿಸಿಕೊಂಡೆ. ಹಾಗಂತ ನೀವೂ ಅದನ್ನೇ ಹಾಕಿಸಿಕೊಳ್ಳಿ ಎನ್ನಲಾರೆ. ಎರಡಕ್ಕೂ ಒಂದೊಂದು ಹೊರೆ ಇದೆ, ಯಾವುದನ್ನು ಹೊರಬಲ್ಲಿರಿ ಎನ್ನುವುದು ನಿಮಗೇ ಗೊತ್ತು.

ಮೆಕ್ಯಾನಿಕಲ್ ವಾಲ್ವ್ ಕಾರ್ಬನ್‌ನಿಂದ ಮಾಡಿದ್ದು, ಸವೆಯುವುದಿಲ್ಲ ಎಂದೇ ಹೇಳಬಹುದು. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹಾಗಾಗಿ ಜೀವನಪೂರ್ತಿ ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ಬೇಕೇ ಬೇಕು. ಮೈಟ್ರಲ್ ಜಾಗದಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿಯಾದ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ದಿನಾ ಒಂದೇ ಹೊತ್ತಿಗೆ ಮಾತ್ರೆ, ಆಗಾಗ ರಕ್ತಪರೀಕ್ಷೆ. ಸೊಪ್ಪು ಈ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ, ಆದರೂ ಬಿಡಬೇಕಿಲ್ಲ, ಒಂದು ವಾರ ರಾಶಿ ತಿಂದು ಮುಂದಿನ ವಾರ ಮುಟ್ಟದೇ ಇರಬಾರದು, ಅಷ್ಟೇ. ನೋವಿನ ಮಾತ್ರೆಯನ್ನಾಗಲಿ ಆಂಟಿಬಯಾಟಿಕ್‌ ಅನ್ನಾಗಲಿ ಕೇಳದೆ ನುಂಗುವಂತಿಲ್ಲ. ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ: ಮೆಕ್ಯಾನಿಕಲ್ ವಾಲ್ವ್ ಇದ್ದವರಿಗೆ ಡಾಬಿಗಟ್ರಾನ್ ಎಂಬ ಅಂಥದೊಂದು ಮಾತ್ರೆ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಟಿಕ್ ಟಿಕ್ ಸದ್ದಿನ ಬಗ್ಗೆ ಕೇಳಿದ್ದೀರಿ. ಕೇಳಿಸುತ್ತದೆ, ನನಗೆ ಬೇಗ ರೂಢಿಯಾಯಿತು.

ಟಿಶ್ಯೂ ವಾಲ್ವ್ ಹಸುವಿನ ಅಥವಾ ಹಂದಿಯ ಅಂಗಾಂಶದ್ದು. ಮೊದಲ ಕೆಲವು ತಿಂಗಳು ಬಿಟ್ಟರೆ ಬಹಳ ಜನಕ್ಕೆ ವಾರ್ಫರಿನ್ ಬೇಕಾಗುವುದಿಲ್ಲ. ಸುಮಾರು 10ರಿಂದ 15 ವರ್ಷ ಬಾಳುತ್ತದೆ. ವಯಸ್ಸು ಕಡಿಮೆಯಿದ್ದಷ್ಟೂ ಬೇಗ ಹಾಳಾಗುತ್ತದೆ. ಅಂದರೆ ನಿಮಗೆ ಇನ್ನೊಂದು ಆಪರೇಷನ್ ಬಹುತೇಕ ಖಚಿತ. ಮುಂದೆ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ ಹಳೆಯದರೊಳಗೇ ಹೊಸ ವಾಲ್ವ್ ಕೂರಿಸಬಹುದು ಎನ್ನುತ್ತಾರೆ, ಆದರೆ ಅದು ಎಲ್ಲರಿಗೂ ಆಗುವುದಿಲ್ಲ. ಈಗ ಹಾಕುವ ವಾಲ್ವ್‌ನ ಅಳತೆ ಅದಕ್ಕೆ ಸಾಕಾಗುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನೀವು ಬರೆಯದೇ ಬಿಟ್ಟ ಒಂದು ವಿಷಯವಿದೆ: ಏಟ್ರಿಯಲ್ ಫಿಬ್ರಿಲೇಷನ್ (ಹೃದಯಬಡಿತದ ಲಯ ತಪ್ಪುವ ತೊಂದರೆ) ಇದೆಯೇ? ಇದ್ದರೆ ರಕ್ತ ತೆಳುವಾಗಿಸುವ ಮಾತ್ರೆ ಹೇಗೂ ಬೇಕು, ಆಗ ಟಿಶ್ಯೂ ವಾಲ್ವ್‌ನ ದೊಡ್ಡ ಲಾಭ ತುಂಬಾ ಕಡಿಮೆಯಾಗುತ್ತದೆ. ಮೈಟ್ರಲ್ ವಾಲ್ವ್‌ಗೆ 65ರೊಳಗಿನವರಲ್ಲಿ ವೈದ್ಯಕೀಯ ಮಾರ್ಗಸೂಚಿಗಳು ಮೆಕ್ಯಾನಿಕಲ್ ಕಡೆಗೇ ವಾಲುತ್ತವೆ. ಆದರೆ ಹಿಂದೆ ರಕ್ತಸ್ರಾವ ಆಗಿದ್ದರೆ, ತಪ್ಪದೆ ಪರೀಕ್ಷೆ ಮಾಡಿಸಲು ಆಗದಿದ್ದರೆ ನಾನು ಟಿಶ್ಯೂ ಎನ್ನುತ್ತೇನೆ.

ಯಾವುದನ್ನೇ ಆರಿಸಿದರೂ ಆಪರೇಷನ್‌ಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ಇದ್ದರೆ ಸರಿಮಾಡಿಸಿಕೊಳ್ಳಿ. ಬಾಯಿಯ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವ್‌ಗೆ ಅಂಟಿದರೆ ಜೀವಕ್ಕೇ ಅಪಾಯ.