ಜಗಲಿಯಲ್ಲೇ ಆಫೀಸು, ಜಗಲಿಯಲ್ಲೇ ಆಟ

ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆ ಮನೆಯ ಸೊಸೆ 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದವರು, ಕೆಲಸ ಬಿಡದೆ ಊರಲ್ಲೇ ಉಳಿದರು. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಜಗಲಿಯಲ್ಲಿ, ಹಾಗಾಗಿ ಅಲ್ಲೇ ಮೇಜು. ಸಂಜೆ ಶಾಲೆ ಬಿಟ್ಟ ಮೇಲೆ ಕೇರಿಯ ಮಕ್ಕಳೆಲ್ಲ ಆಡಲು ಬರುವುದೂ ಅದೇ ಜಗಲಿಗೆ. ಚನ್ನೆಮಣೆ, ಕೇರಂ, ಕಂಬದಾಟ. ವಿದೇಶದ ತಂಡದ ಜೊತೆ ಇವರ ಮೀಟಿಂಗೂ ಆಗಲೇ. ಜೋರು ಮಳೆಯ ಒಂದು ಸಂಜೆ ಆಕೆ ಜಗಲಿಗೆ ಒಳಗಿಂದ ಚಿಲಕ ಹಾಕಿದರು. ಮಕ್ಕಳು ತಿರುಗಿ ಹೋದರು. ಮಾವ ಸೊಸೆಯ ಜೊತೆ ಮಾತು ಬಿಟ್ಟರು.

ಸಲಹೆ ಕೇಳಲು ನನ್ನ ಬಳಿಗೆ ಮೊದಲು ಗಂಡ ಹೆಂಡತಿ ಬಂದರು, ಆಮೇಲೆ ಮಾವನೂ ಬಂದರು. ಜಗಳದ ಕಥೆ ಕೇಳುವ ಬದಲು ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಮನೆಯ ನಕ್ಷೆ ಬರೆಯಿರಿ ಎಂದೆ. ಮಾವನ ನಕ್ಷೆಯಲ್ಲಿ ಜಗಲಿ ಉಳಿದ ಮನೆಗಿಂತ ದೊಡ್ಡದು. ಕಂಬಗಳಿದ್ದವು, ತಾಳಮದ್ದಲೆಗೆ ಚಾಪೆ ಹಾಸುವ ಜಾಗವಿತ್ತು, ಮೇಜು ಇರಲಿಲ್ಲ. ಸೊಸೆ ತನ್ನ ಕುರ್ಚಿ ಬರೆದು, ಅದರ ಬೆನ್ನ ಹಿಂದೆ ಜನ ಓಡಾಡುವ ದಾರಿಗೆ ಗೆರೆ ಎಳೆಯುತ್ತಾ ಹೋದರು. ಗೆರೆಗಳಲ್ಲಿ ಕುರ್ಚಿಯೇ ಮುಚ್ಚಿಹೋಯಿತು. "ಮಕ್ಕಳ ಗಲಾಟೆ ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಮೀಟಿಂಗಿನ ನಡುವೆ, ಹೇಗೂ ಮನೇಲೇ ಇದ್ಯಲೇ, ಬಂದವರಿಗೆ ಒಂದು ಚಾ ಮಾಡು ಅಂತಾರಲ್ಲ, ಅದನ್ನು ತಡೆಯೋಕಾಗಲ್ಲ" ಎಂದರು.

ನನಗೆ ಕಂಡದ್ದು ಇಷ್ಟು: ಆಕೆಯ ದುಡಿಮೆಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ದಾರಿಯಲ್ಲಿ ಕೂತು ಮಾಡುವ ಕೆಲಸವನ್ನು ಯಾರೂ ಕೆಲಸವೆಂದು ನೋಡುವುದಿಲ್ಲ. ಹಾಗೆಂದು ಮಕ್ಕಳನ್ನು ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ. ಒಂಟಿ ಮನೆಗಳ ಈ ಊರಿನಲ್ಲಿ, ಮಳೆಗಾಲದ ನಾಲ್ಕು ತಿಂಗಳು ಹತ್ತು ಮಕ್ಕಳು ಒಟ್ಟಿಗೆ ಸೇರುವ ಜಾಗ ಸಣ್ಣ ಸಂಗತಿಯಲ್ಲ. ಮಾವನ ನೋವೂ ಅದೇ ಆಗಿತ್ತು.

ಸಲಹೆ ಮೆತ್ತಿಯಿಂದ, ಅಂದರೆ ಮಹಡಿಯಿಂದ ಶುರುವಾಯಿತು. ಅಲ್ಲಿ ಹಳೇ ಪಾತ್ರೆ, ಚೀಲ ತುಂಬಿದ ಒಂದು ಕೋಣೆ, ಜಗಲಿಯಿಂದ ಆಚೆ ತುದಿಗೆ. ಹಂಚಿನ ಹಲವು ಮನೆಗಳಲ್ಲಿ ಅಡ್ಡಗೋಡೆ ಮಾಡಿಗೆ ತಾಗದೆ ಅರ್ಧಕ್ಕೇ ನಿಲ್ಲುತ್ತದೆ, ಸದ್ದು ಅದರ ಮೇಲಿಂದ ಹರಿದು ಬರುತ್ತದೆ. ದಪ್ಪ ಪರದೆ ಹಾಕಿದರೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗೀತು, ಹೊರಗಿನ ಗದ್ದಲ ನಿಲ್ಲದು. ಆದ್ದರಿಂದ ಮೊದಲ ಖರ್ಚು ಹಲಗೆಯ ಮುಚ್ಚಿಗೆಗೆ, ಬಾಗಿಲಿನ ಸಂದಿಗೆ. ಮುಚ್ಚಿಗೆಯಿದ್ದರೆ ಬೇಸಿಗೆಯಲ್ಲಿ ಹಂಚಿನ ಕಾವೂ ನೇರ ಇಳಿಯುವುದಿಲ್ಲ. ಕಿಟಕಿ ಮೇಜಿನ ಪಕ್ಕಕ್ಕೆ ಬರಲಿ. ಬೆನ್ನಿಗೆ ಬಂದರೆ ಮೀಟಿಂಗಿನಲ್ಲಿ ಮುಖ ಕಪ್ಪಾಗುತ್ತದೆ. ನೆಟ್ಟಿಗೆ ಕೆಳಗಿನಿಂದ ಕೇಬಲ್ ಎಳೆಸಿ, ರೂಟರಿಗೆ ಸಣ್ಣ ಯುಪಿಎಸ್ ಇಡಲು ಗಂಡನಿಗೆ ಹೇಳಿದೆ.

ಮಕ್ಕಳ ವಿಷಯದಲ್ಲಿ ದಾರಿ ತೋರಿಸಿದವರು ಮಾವನೇ. ಅಡಿಕೆ ಬೇಯಿಸುವ ಶೆಡ್ಡು ಮಳೆಗಾಲದಲ್ಲಿ ಖಾಲಿ. ಕೊಯ್ಲು ಶುರುವಾಗಿ ಶೆಡ್ಡೂ ಅಂಗಳವೂ ಅಡಿಕೆಗೆ ಹೋಗುವ ಹೊತ್ತಿಗೆ ಭತ್ತ ಕೊಯ್ದ ಗದ್ದೆ ಬಯಲಾಗುತ್ತದೆ. ಓಡುವ ಆಟ ಅಲ್ಲಿ, ಕೂತು ಆಡುವ ಆಟ ಜಗಲಿಯಲ್ಲೇ ಎಂದು ಅವರೇ ಹಂಚಿದರು. ಒಂದು ಷರತ್ತನ್ನು ಮಾತ್ರ ನಾನು ಬಿಡಲಿಲ್ಲ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವುದೂ ಮಳೆಗಾಲದಲ್ಲೇ. ಆ ಮದ್ದಿಗೆ ಬೇಕಾದ ಮೈಲುತುತ್ತು (ವಿಷಕಾರಿ ತಾಮ್ರದ ಸಲ್ಫೇಟ್), ಸುಣ್ಣ ಆ ಶೆಡ್ಡಿನಲ್ಲೇ ಇರುತ್ತಿತ್ತು. ಅದನ್ನು ಬೇರೆ ಕಡೆ ಬೀಗ ಹಾಕಿ ಇಟ್ಟು, ಸುಲಿಯುವ ಕತ್ತಿಗಳನ್ನು ಅಟ್ಟಕ್ಕೇರಿಸಿ, ಒಲೆಯ ಕುಳಿಗೆ ಹಲಗೆ ಮುಚ್ಚಿದ ಮೇಲೆಯೇ ಮಕ್ಕಳು ಒಳಗೆ.

ಕೋಣೆ ಸಿದ್ಧವಾಯಿತು, ಮಾವ ಸೊಸೆ ಮಾತಾಡುತ್ತಿದ್ದಾರೆ. ಚಾದ ವಿಷಯ ಮಾತ್ರ ಇನ್ನೂ ಮುಗಿದಿಲ್ಲ. ಬಾಗಿಲು ಹಾಕಿದ್ದಾಗ ನೆಂಟರು ಬಂದರೆ ಒಲೆ ಹಚ್ಚುವುದು ಮಗನ ಕೆಲಸ ಎಂದಿದ್ದೆ. ಅತ್ತೆಗೆ ಅದು ಸರಿಕಾಣುತ್ತಿಲ್ಲ. ಮುಂದಿನ ಭೇಟಿಗೆ ತಾಯಿ ಮಗ ಇಬ್ಬರೇ ಬರಲಿ ಎಂದು ಹೇಳಿ ಕಳಿಸಿದ್ದೇನೆ.