ರಿಸರ್ಚ್ ಪೇಪರ್‌ಗೆ ಯಾವ ಪತ್ರಿಕೆ ನಂಬೋದು?

ಕಾಲೇಜು ರಿಸರ್ಚ್ ಪೇಪರ್‌ಗೆ ಕಣ್ಮುಚ್ಚಿ ನಂಬಬಹುದಾದ ನ್ಯೂಸ್‌ಪೇಪರ್, ಮ್ಯಾಗಜಿನ್‌ಗಳ ಲಿಸ್ಟ್ ಕೊಡಿ ಅಂತ ಕೇಳಿದೀರಿ. ಲಿಸ್ಟ್ ಯಾರು ಬೇಕಾದ್ರೂ ಕೊಡ್ತಾರೆ, ಆದ್ರೆ ಬರೀ ಹೆಸರು ನೋಡಿ ರೆಫರೆನ್ಸ್ ಹಾಕಿದ್ರೆ ನನ್ನ ಥರಾನೇ ಪೇಚಿಗೆ ಸಿಕ್ಕಾಕೊಳ್ತೀರ.

ನಾನು ಡಿಗ್ರಿ ಪ್ರಾಜೆಕ್ಟಲ್ಲಿ ಒಂದೇ ಒಂದು ಅಂಕಿಗೆ ಐದು ಪತ್ರಿಕೆ ರೆಫರೆನ್ಸ್ ಹಾಕಿ ಬೀಗ್ತಾ ಇದ್ದೆ, ನಮ್ಮ ಗೈಡ್ ಐದನ್ನೂ ಪಕ್ಕಪಕ್ಕ ಇಟ್ಟು "ಇದು ಐದಲ್ಲಪ್ಪಾ, ಒಂದೇ" ಅಂದ್ರು. ನೋಡಿದ್ರೆ ಹೌದು, ಹೆಡ್ಡಿಂಗ್ ಮಾತ್ರ ಬೇರೆ, ಒಳಗಡೆ ಸಾಲುಸಾಲು ಅದೇ, ಎಲ್ಲಾ ಒಂದೇ ಏಜೆನ್ಸಿ ಸುದ್ದಿ. ರಾಯಿಟರ್ಸ್, ಎಪಿ, ಎಎಫ್‌ಪಿ ಥರದ, ಎಲ್ಲಾ ಪತ್ರಿಕೆಗೂ ಸುದ್ದಿ ಒದಗಿಸೋ ಏಜೆನ್ಸಿಗಳು ಕಳಿಸಿದ್ದನ್ನ ಪತ್ರಿಕೆಗಳು ಹಾಕೋದು ತಪ್ಪೇನಲ್ಲ, 1846ರಲ್ಲಿ ಎಪಿ ಹುಟ್ಟಿದ್ದೇ ನ್ಯೂಯಾರ್ಕಿನ ಪತ್ರಿಕೆಗಳು ಸುದ್ದಿ ತರಿಸೋ ಖರ್ಚು ಹಂಚ್ಕೊಳ್ಳೋಕೆ. ಆದ್ರೆ ಸಾಕ್ಷಿ ಲೆಕ್ಕ ಹಾಕುವಾಗ ಅದು ಒಂದೇ. ಹಾಗಾಗಿ ಮೊದಲು ಬೈಲೈನ್, ಅಂದ್ರೆ ಸುದ್ದಿ ಬರೆದವರ ಹೆಸರಿರೋ ಸಾಲು ನೋಡಿ, ವರದಿಗಾರರ ಹೆಸರಿದ್ಯಾ ಏಜೆನ್ಸಿ ಹೆಸರಿದ್ಯಾ ಅಂತ. ಸುದ್ದಿ ಒಳಗೆ "ಅಧ್ಯಯನವೊಂದರ ಪ್ರಕಾರ" ಅಂತ ಬಂದ್ರೆ ಆ ಅಧ್ಯಯನಾನೇ ಹುಡುಕಿ ಓದಿ ಅದನ್ನೇ ರೆಫರೆನ್ಸ್ ಕೊಡಿ, ಎಷ್ಟೋ ಸಲ ಅಲ್ಲಿ "ಇರಬಹುದು" ಅಂತಿದ್ದದ್ದು ಹೆಡ್‌ಲೈನಿಗೆ ಬರೋಷ್ಟ್ರಲ್ಲಿ "ಇದೆ" ಆಗಿರತ್ತೆ!

ಇನ್ನು ದೊಡ್ಡ ಹೆಸರು. ವಾಷಿಂಗ್ಟನ್ ಪೋಸ್ಟಲ್ಲಿ 1980ರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬಂದ ವರದಿಗೆ ಮರುವರ್ಷ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಬಂತು, ಆಮೇಲೆ ನೋಡಿದ್ರೆ ಆ ಹುಡುಗಾನೇ ಇರಲಿಲ್ಲ, ಪ್ರಶಸ್ತಿ ವಾಪಸ್. ಜರ್ಮನಿಯ ಡೆರ್ ಶ್ಪೀಗೆಲಲ್ಲೂ, ಅದೂ ಫ್ಯಾಕ್ಟ್ ಚೆಕ್ ಮಾಡೋಕೇ ದೊಡ್ಡ ವಿಭಾಗ ಇಟ್ಕೊಂಡಿರೋ ಮ್ಯಾಗಜಿನ್, 2018ರಲ್ಲಿ ಹಿಂಗೇ ಕಟ್ಟುಕಥೆ ಬಯಲಾಯ್ತು. ಆದ್ರೆ ಎರಡೂ ಕಡೆ ತಮ್ಮ ತಪ್ಪನ್ನ ತಾವೇ ಉದ್ದುದ್ದ ಬರೆದು ಪ್ರಿಂಟ್ ಮಾಡಿದ್ರು. ನಾನು ನೋಡೋದು ಇದನ್ನೇ, ತಿದ್ದುಪಡಿ ಹಾಕೋ ಜಾಗ ಇದ್ಯಾ, ಏನು ತಪ್ಪಾಗಿತ್ತು ಅಂತ ಬಿಡಿಸಿ ಹೇಳ್ತಾರಾ. ತಪ್ಪೇ ಆಗಲ್ಲ ಅನ್ನೋ ಥರ ನಡ್ಕೊಳ್ಳೋ ಪತ್ರಿಕೆ ಮೇಲೇ ನಂಗೆ ಡೌಟು ಜಾಸ್ತಿ.

ಸಂಪಾದಕೀಯ, ಅಂಕಣ, ದುಡ್ಡು ಕೊಟ್ಟು ಹಾಕ್ಸಿದ ಲೇಖನ ಇವನ್ನೆಲ್ಲ ಸುದ್ದಿ ಅಂತ ಹಾಕ್ಬೇಡಿ, ಅಭಿಪ್ರಾಯ ಬೇಕಾದ್ರೆ ಅಭಿಪ್ರಾಯ ಅಂತಾನೇ ಹೇಳಿ. ಲೇಖಕರ ಹೆಸರಿಲ್ಲ ಅಂತ ಸುಮ್ನೆ ತಳ್ಳಿಹಾಕೋಕೂ ಹೋಗ್ಬೇಡಿ, ದಿ ಇಕಾನಮಿಸ್ಟಲ್ಲಿ ಸಾಮಾನ್ಯವಾಗಿ ಹೆಸರು ಹಾಕೋದೇ ಇಲ್ಲ. ನೇಚರ್ ಥರದ ಜರ್ನಲಲ್ಲಿ ಇನ್ನೊಂದು ತಮಾಷೆ, ಪೀರ್ ರಿವ್ಯೂ ಆದ, ಅಂದ್ರೆ ಅದೇ ವಿಷಯದ ಬೇರೆ ತಜ್ಞರು ಪರಿಶೀಲಿಸಿದ ಪೇಪರ್ರೂ ಅಲ್ಲೇ, ಪತ್ರಕರ್ತರು ಬರೆದ ನ್ಯೂಸೂ ಅಲ್ಲೇ ಇರತ್ತೆ, ಎರಡನೇದನ್ನ ಮೊದಲನೇದು ಅಂದ್ಕೊಂಡು ಹಾಕೋರು ಬೇಕಾದಷ್ಟು ಜನ.

ದುಡ್ಡು ಕಟ್ಟಿದ್ರೆ ಮಾತ್ರ ಓದೋಕೆ ಬಿಡೋ ಪೇವಾಲ್ ಅಡ್ಡ ಬಂದ್ರೆ ಮೊದಲು ಕಾಲೇಜ್ ಲೈಬ್ರರಿ ಲಾಗಿನ್ ಕೇಳಿ, ಪ್ರೋಕ್ವೆಸ್ಟ್ ತರದ ಡೇಟಾಬೇಸ್ ಇದ್ರೆ ಹಳೇ ಸಂಚಿಕೆನೂ ಸಿಗತ್ತೆ. ಆನ್‌ಲೈನ್ ಸುದ್ದಿ ಆದ್ರೆ ನೀವು ಓದಿದ ದಿನಾನೇ ವೆಬ್ ಪುಟಗಳ ಪ್ರತಿ ಕಾಪಾಡಿಡೋ ವೇಬ್ಯಾಕ್ ಮಷೀನ್ ಅನ್ನೋ ಸೈಟಲ್ಲಿ ಸೇವ್ ಮಾಡಿಟ್ಕೊಳ್ಳಿ, ವೈವಾ ಹೊತ್ತಿಗೆ ಆ ಪ್ಯಾರಾನೇ ಮಾಯ ಆಗಿರಬಹುದು.